ತಾ.ಕ. ಅಂತ ಬರೆದಿರಲ್ಲ, ಅಲ್ಲಿಂದ ಶುರು ಮಾಡಿ

ಕೊಡಗಿನ ನಾಪೋಕ್ಲು ಕಡೆಯ ಓದುಗರೊಬ್ಬರು ಮೂರು ಪುಟದ ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಬೆಂಗಳೂರಿನಲ್ಲಿ ಕಂಟೆಂಪರರಿ ಡ್ಯಾನ್ಸ್ ಕಲಿತವರು. ಹೋದ ವರ್ಷ ಅವರ ಅವ್ವ ತೀರಿಕೊಂಡರು. ಆ ಸಾವಿನ ಬಗ್ಗೆ 20 ನಿಮಿಷದ ಒಂದು ನೃತ್ಯ ಕಟ್ಟುವ ಆಸೆ. ದೊಡ್ಡಪ್ಪ ಗದರಿದ್ದಾರೆ: 'ಮನೆ ದುಃಖ ಸ್ಟೇಜಿಗೆ ತಂದು ಚಪ್ಪಾಳೆ ತಗೋತೀಯಾ?' ಇವರ ಪ್ರಶ್ನೆ ಎರಡು. ಮಾಡೋದು ತಪ್ಪಾ? ತಪ್ಪಲ್ಲದಿದ್ದರೆ ಎಲ್ಲಿಂದ ಶುರು ಮಾಡೋದು?

ತಂಗೀ,

ನಿಮ್ಮ ಕಾಗದ ಬಂದ ದಿನ ಮಡಿಕೇರಿಯಲ್ಲಿ ಕರೆಂಟಿರಲಿಲ್ಲ. ಕಕ್ಕಡ ತಿಂಗಳ ಮಳೆ, ಹೊತ್ತು ಹೋಗದು, ಎರಡು ಸಲ ಓದಿದೆ. ಈ ತಿಂಗಳು ಇದೊಂದಕ್ಕೇ ಉತ್ತರ. ಕಾಡಾನೆ ಬಗ್ಗೆ ಬರೆದವರೆಲ್ಲ ದಯವಿಟ್ಟು ಕಾಯಿರಿ, ಆನೆ ಎಲ್ಲಿಗೂ ಹೋಗೋದಿಲ್ಲ.

ಮೊದಲು ದೊಡ್ಡಪ್ಪನ ಮಾತು. ಪೂರ್ತಿ ತಪ್ಪು ಅನ್ನಲಾರೆ. ಸತ್ತವರಿಗೆ 'ಬೇಡ' ಅನ್ನೋಕೆ ಬರೋದಿಲ್ಲ. ಅವ್ವ ನಿಮಗೊಬ್ಬಳಿಗೇ ಸೇರಿದವರೂ ಅಲ್ಲ. ಮನೆಯಲ್ಲಿ ಉಳಿದವರನ್ನೂ ಒಂದು ಮಾತು ಕೇಳಿ. ದೊಡ್ಡಪ್ಪನ ಪಕ್ಷಕ್ಕೆ ನನ್ನಿಂದ ಸಿಗೋದು ಇಷ್ಟೇ.

ಈಗ ಅವರನ್ನ ನಾನು ಕೇಳುತ್ತೇನೆ. ದುಃಖ ಮನೆಯೊಳಗೇ ಇರಬೇಕು ಅನ್ನೋದು ಯಾವ ಕಾಲದ ಕೊಡಗಿನ ಮಾತು? ನಮ್ಮಲ್ಲಿ ಸಾವಾದರೆ ಕೋವಿಯಿಂದ ಎರಡು ಗುಂಡು ಹಾರಿಸುತ್ತಾರೆ. ಗದ್ದೆ ಆಚೆಯ ಮನೆಗೂ ಕೇಳಲಿ, ಕೈಯಲ್ಲಿದ್ದ ಕೆಲಸ ಬಿಟ್ಟು ಬರಲಿ ಅಂತಲೇ ಹಾರಿಸೋದು. ಆಮೇಲೆ ದುಡಿ ಬಡಿದು ಚಾವು ಪಾಟ್, ಅಂದರೆ ಸಾವಿನ ಹಾಡು. ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲಿ ಕೊಡವ ಹಾಡು, ಪದ್ಧತಿಗಳ ಸಂಗ್ರಹ ಪಟ್ಟೋಲೆ ಪಳಮೆಯನ್ನ ಅಚ್ಚು ಮಾಡಿಸಿದಾಗ ಮದುವೆ ಹಾಡು, ಪುತ್ತರಿ ಹಾಡಿನ ಜೊತೆಗೆ ಸಾವಿನ ಹಾಡನ್ನೂ ಸೇರಿಸಿದರು. ಇದು ಮನೆ ಗುಟ್ಟು ಅಂತ ಬಚ್ಚಿಡಲಿಲ್ಲ.

ಕೊಡವ ಹೆಂಗಸರ ಕುಣಿತ ಉಮ್ಮತ್ತಾಟನ್ನೇ ನೋಡಿ. ನಡುವೆ ಒಬ್ಬಳು ನೀರಿನ ಕೊಡ ಹಿಡಿದು ನಿಲ್ಲುತ್ತಾಳೆ, ಸುತ್ತ ಹೆಂಗಸರು ತಾಳ ಹಿಡಿದು ತಿರುಗುತ್ತಾರೆ. ನಡುವೆ ನಿಂತವಳು ಕಾವೇರಿ, ಎಲ್ಲರ ಕಣ್ಣೆದುರೇ ನೀರಾಗಿ ಹರಿದು ಹೋದವಳು. ಹಿಡಿದು ನಿಲ್ಲಿಸಲು ಆಗದವಳ ಸುತ್ತ ಕುಣಿಯುವ ಕುಣಿತ ಅದು, ಅಲ್ವಾ? ಅದನ್ನ ನಾವು ಏನು ಮಾಡಿದ್ದೇವೆ? ಮಂತ್ರಿ ಕಾರಿನಿಂದ ಇಳಿಯುವಾಗ ಕುಣಿಸುವ ಸ್ವಾಗತದ ಐಟಂ. 2023ರಲ್ಲಿ ಉಮ್ಮತ್ತಾಟ್ ಕಲಾವಿದೆ ರಾಣಿ ಮಾಚಯ್ಯ ಅವರಿಗೆ ಪದ್ಮಶ್ರೀ ಬಂದಾಗ ಎಲ್ಲರೂ ಫೋಟೊ ಹಂಚಿದೆವು, ನಾನೂ ಹಂಚಿದೆ. ಆ ಕೊಡದೊಳಗೆ ಏನಿದೆ ಅಂತ ಎಷ್ಟು ಜನ ಕೇಳಿದೆವು?

ಇನ್ನೊಂದು ವಿಷಯ. ಟಿವಿ ಡ್ಯಾನ್ಸ್ ಶೋಗಳಲ್ಲಿ 'ಅಪ್ಪ ಅಮ್ಮ ಸ್ಪೆಷಲ್' ಅಂತ ಒಂದು ರೌಂಡ್ ಬರುತ್ತದೆ. ಪುಟ್ಟ ಹುಡುಗಿ ಕುಣಿದು ಮುಗಿಸುವ ಹೊತ್ತಿಗೆ ಹಿಂದೆ ಸತ್ತ ಅಪ್ಪನ ಫೋಟೊ, ಪಿಟೀಲು, ಜಡ್ಜ್ ಕಣ್ಣೊರೆಸಿಕೊಳ್ಳುವುದು, ಆಮೇಲೆ ಜಾಹೀರಾತು. ಅದನ್ನ ನಮ್ಮ ದೊಡ್ಡಪ್ಪಂದಿರೆಲ್ಲ ಊಟದ ತಟ್ಟೆ ಹಿಡಿದುಕೊಂಡೇ ನೋಡುತ್ತಾರೆ. ಆಗ ಯಾರಿಗೂ ನಾಚಿಕೆ ಆಗೋದಿಲ್ಲ. ಮನೆ ಮಗಳು ಮಾಡುತ್ತೇನೆ ಅಂದರೆ ಮಾತ್ರ ಮನೆತನ ನೆನಪಾಗುತ್ತದೆ.

ಹೊರಗಿನವರ ಕಥೆಯೂ ಸ್ವಲ್ಪ ಕೇಳಿ. 1930ರಲ್ಲಿ ಅಮೆರಿಕದ ನರ್ತಕಿ ಮಾರ್ಥಾ ಗ್ರಹಾಂ ನ್ಯೂಯಾರ್ಕಿನಲ್ಲಿ 'ಲ್ಯಾಮೆಂಟೇಶನ್' ಅಂತ ಒಂದು ನೃತ್ಯ ಮಾಡಿದಳು. ನಾಲ್ಕು ನಿಮಿಷದ್ದು. ನೀವು 20 ಅಂತೀರಿ. ಒಂದು ಬೆಂಚು, ಮೈಗೆಲ್ಲ ಜಗ್ಗುವ ಬಟ್ಟೆಯ ಒಂದು ಚೀಲ, ಹೊರಗೆ ಕಾಣೋದು ಮುಖ, ಕೈ, ಕಾಲು ಮಾತ್ರ. ಬೆಂಚಿನ ಮೇಲೆ ಕೂತೇ ಇರುತ್ತಾಳೆ, ಒಳಗಿನಿಂದ ಬಟ್ಟೆಯನ್ನ ನೂಕುತ್ತಾಳೆ, ಎಳೆಯುತ್ತಾಳೆ. ಒಮ್ಮೆ ಪ್ರದರ್ಶನ ಮುಗಿದ ಮೇಲೆ ಒಬ್ಬ ಹೆಂಗಸು ಒಳಗೆ ಬಂದಳಂತೆ. ಅವಳ ಮಗು ಅವಳ ಕಣ್ಣೆದುರೇ ಲಾರಿಗೆ ಸಿಕ್ಕಿ ಸತ್ತಿತ್ತು. ಅಲ್ಲಿಯವರೆಗೆ ಅಳೋಕೇ ಆಗಿರಲಿಲ್ಲ, ಆವತ್ತು ಅತ್ತಳು. ಗ್ರಹಾಂ ಇದನ್ನ ತಾನೇ ಹೇಳಿಕೊಂಡಿದ್ದಾಳೆ. ವೇದಿಕೆಯ ಮೇಲಿದ್ದವಳು ಮಾತ್ರ ಗೋಳೋ ಅಂತ ಅತ್ತು ತೋರಿಸಲಿಲ್ಲ, ಗಮನಿಸಿ.

ಜರ್ಮನಿಯ ನೃತ್ಯ ಸಂಯೋಜಕಿ ಪೀನಾ ಬೌಶ್‌ಗೆ ಜೊತೆಗಾರ ರೋಲ್ಫ್ ಬೋರ್ಜಿಕ್. ಅವಳ ನೃತ್ಯಗಳಿಗೆ ರಂಗಸಜ್ಜಿಕೆ, ಉಡುಪು ಎಲ್ಲ ಅವನದೇ. 1980ರ ಜನವರಿಯಲ್ಲಿ ತೀರಿಕೊಂಡ. ಮೇ ತಿಂಗಳಿಗೆ ಅವಳು ಹೊಸ ನೃತ್ಯ ತಂದಳು, ಅದಕ್ಕೆ ಆ ವರ್ಷದ ಹೆಸರನ್ನೇ ಇಟ್ಟಳು. ವೇದಿಕೆ ತುಂಬ ಹುಲ್ಲು ಹಾಸಿಸಿದಳು. ಅದರ ಮೇಲೆ ನಡೆಯೋದು ಮಕ್ಕಳಾಟಗಳು! ಅವಳು ಕಟ್ಟುವ ರೀತಿಯೇ ಬೇರೆ. ನರ್ತಕರಿಗೆ ಸುಮ್ನೆ ಪ್ರಶ್ನೆ ಕೇಳುತ್ತಿದ್ದಳು, ಅವರು ಮಾತಲ್ಲೋ ಮೈಯಲ್ಲೋ ಕೊಟ್ಟ ಉತ್ತರಗಳನ್ನ ಜೋಡಿಸುತ್ತಿದ್ದಳು.

ನಿಮ್ಮ ದೊಡ್ಡಪ್ಪನಂಥವರು ಅಮೆರಿಕದಲ್ಲೂ ಇದ್ದರು. ಅಲ್ಲಿನ ನೃತ್ಯ ಸಂಯೋಜಕ ಬಿಲ್ ಟಿ. ಜೋನ್ಸ್‌ನ ಸಂಗಾತಿ ಆರ್ನಿ ಝೇನ್ 1988ರಲ್ಲಿ ಏಡ್ಸ್‌ನಿಂದ ಸತ್ತ. 1994ರಲ್ಲಿ ಜೋನ್ಸ್ 'ಸ್ಟಿಲ್/ಹಿಯರ್' ಕಟ್ಟಿದ. ಜೀವಕ್ಕೇ ಅಪಾಯ ತರುವ ಕಾಯಿಲೆ ಇದ್ದವರ ಜೊತೆ ಊರೂರಲ್ಲಿ ಕಾರ್ಯಾಗಾರ ಮಾಡಿ, ಅವರ ಮಾತು, ಕೈಸನ್ನೆಗಳಿಂದ ಕಟ್ಟಿದ್ದು ಅದು. ಆರ್ಲೀನ್ ಕ್ರೋಚಿ ಅನ್ನುವ ದೊಡ್ಡ ವಿಮರ್ಶಕಿ ಅದನ್ನ ನೋಡೋದೇ ಇಲ್ಲ ಅಂತ ಹಟ ಹಿಡಿದು, ನೋಡದೆಯೇ ಅದರ ವಿರುದ್ಧ ಉದ್ದದ ಲೇಖನ ಬರೆದಳು. ಕರುಣೆ ತೋರಿಸಲೇಬೇಕು ಅಂತ ಪ್ರೇಕ್ಷಕರನ್ನ ಕಟ್ಟಿಹಾಕಿದರೆ ವಿಮರ್ಶೆ ಮಾಡೋದು ಹೇಗೆ ಅನ್ನೋದು ಅವಳ ಕಂಪ್ಲೇಂಟು. ಮಾತಲ್ಲಿ ಒಂದು ಹಿಡಿ ನಿಜ ಇದೆ. ಆದರೆ ನೋಡದೆ ಬರೆದರೆ ಅದು ವಿಮರ್ಶೆ ಹೇಗಾಗುತ್ತದೆ?

ಈಗ ನಿಮ್ಮ ಸರದಿ. ಸ್ವಲ್ಪ ಬೈಯುತ್ತೇನೆ. ನಿಮ್ಮ ಕಾಗದದ ಎರಡೂವರೆ ಪುಟದಲ್ಲಿ 'ಶೂನ್ಯತೆ' ಎಂಟು ಸಲ ಬಂದಿದೆ, 'ಅಸ್ತಿತ್ವ' ಐದು ಸಲ. ಎಣಿಸಿದೆ, ಸಂಪಾದಕನ ಚಟ. ಅವುಗಳಲ್ಲಿ ಅವ್ವ ಎಲ್ಲೂ ಸಿಗಲಿಲ್ಲ. ಸಹಿ ಹಾಕಿದ ಮೇಲೆ, ಅಂಚಿನಲ್ಲಿ, ಸಣ್ಣ ಅಕ್ಷರದಲ್ಲಿ ತಾ.ಕ. ಅಂತ ಒಂದು ಸಾಲು: 'ಅವ್ವ ಕಣದಲ್ಲಿ ಒಣಹಾಕಿದ ಕಾಫಿಯಲ್ಲಿ ಬರಿಗಾಲಲ್ಲಿ ಸಾಲು ಎಳೆಯುತ್ತಾ ಫೋನಿನಲ್ಲಿ ನನ್ನ ಜೊತೆ ಮಾತಾಡುತ್ತಿದ್ದರು, ಆ ಸರಸರ ಸದ್ದು ನನಗೆ ಬೆಂಗಳೂರಿಗೆ ಕೇಳುತ್ತಿತ್ತು.' ಮಾರಾಯ್ತಿ, ಇದನ್ನ ಕೊನೆಗೆ ಬರೆಯೋದಾ? ನಿಮ್ಮ ನೃತ್ಯ ಅಲ್ಲೇ ಇದೆ.

ನಮ್ಮ ಮನೆಯ ಮಾತು ಹೇಳುತ್ತೇನೆ. ಅಪ್ಪ ಮಳೆಗಾಲದಲ್ಲಿ ತೋಟದಿಂದ ಬಂದವರು ಗಮ್‌ಬೂಟು ಕಳಚಿ, ತಲೆಕೆಳಗು ಹಿಡಿದು ಮೆಟ್ಟಿಲ ಅಂಚಿಗೆ ಕುಟ್ಟುತ್ತಿದ್ದರು. ಜಿಗಣೆ ಬೀಳಲಿ ಅಂತ. ಅವರು ಹೋದ ಮೇಲೆ ಅಮ್ಮ ಒಂದು ದಿನವೂ ನಮ್ಮೆದುರು ಅಳಲಿಲ್ಲ. ಆದರೆ ದಿನಾ ಸಂಜೆ ಐದೂವರೆಗೆ ಆ ಖಾಲಿ ಬೂಟುಗಳನ್ನ ತಗೊಂಡು ಕುಟ್ಟುತ್ತಿದ್ದಳು. ಬಲದ್ದು ಮೂರು ಸಲ, ಎಡದ್ದು ಎರಡು ಸಲ, ಅಪ್ಪನ ಲೆಕ್ಕವೇ. ಆಮೇಲೆ ಒಳಗೆ ಕೈ ಹಾಕಿ ನೋಡುತ್ತಿದ್ದಳು. ಮಳೆಗಾಲ ಮುಗಿಯುವವರೆಗೆ ಹೀಗೇ. ನಾನು ಪತ್ರಕರ್ತ, ಸಾವಿನ ಸುದ್ದಿ ಬರೆದು ಬರೆದು ಕೈ ಪಳಗಿದವನು, ಆ ಕುಟ್ಟುವ ಸದ್ದಿನ ಬಗ್ಗೆ ಇವತ್ತಿನವರೆಗೆ ಒಂದು ಸಾಲು ಬರೆದಿರಲಿಲ್ಲ.

2018ರ ಆಗಸ್ಟ್ ನೆನಪಿದೆಯಲ್ಲ? ಮಕ್ಕಂದೂರು, ಮುಕ್ಕೋಡ್ಲು, ಕಾಲೂರು, ಜೋಡುಪಾಲ ಕಡೆ ಗುಡ್ಡ ಜರಿದಾಗ ನಾನು ಪರಿಹಾರ ಕೇಂದ್ರಗಳಿಗೆ ಹೋಗುತ್ತಿದ್ದೆ. ಒಂದು ಕಡೆ ವಯಸ್ಸಾದವರೊಬ್ಬರು ಬೆಳಗಿನ ಜಾವ ಎದ್ದು ಹಾಲ್‌ನ ಗೋಡೆ ಪಕ್ಕ ನಡೆಯುತ್ತಿದ್ದರು. ಹದಿನೆಂಟು ಹೆಜ್ಜೆ, ಬಗ್ಗೋದು, ಮತ್ತೆ ಹದಿನೆಂಟು ಹೆಜ್ಜೆ. ಮೊಣಕಾಲು ನೋವಿಗೆ ವ್ಯಾಯಾಮ ಅಂದುಕೊಂಡೆ. ಕೇಳಿದರೆ, ಮನೆಯಿಂದ ಕೊಟ್ಟಿಗೆಗೆ ಅಷ್ಟು ದೂರ ಅಂದರು. ಮನೆಯೂ ಇರಲಿಲ್ಲ, ಕೊಟ್ಟಿಗೆಯೂ ಇರಲಿಲ್ಲ. ನಾವು ಪೇಪರಿನವರು ಎಕರೆ ಬರೆದೆವು, ಪರಿಹಾರದ ಮೊತ್ತ ಬರೆದೆವು, ಯಾರು ಯಾವಾಗ ಭೇಟಿ ಕೊಟ್ಟರು ಅಂತ ಬರೆದೆವು. ವರ್ಷ ತಿರುಗಿದ ಮೇಲೆ ಮೊಂಬತ್ತಿ, ಭಾಷಣ. ಈಗಂತೂ ಯಾರು ಹೋದರೂ ವಾಟ್ಸಾಪಿನಲ್ಲಿ ಕೈ ಮುಗಿಯುವ ಚಿತ್ರ ಒತ್ತಿದರೆ ಮುಗಿಯಿತು. ಸ್ವಲ್ಪ ದುಡ್ಡಿದ್ದವರು ಫ್ಲೆಕ್ಸ್ ಹಾಕಿಸುತ್ತಾರೆ, ಮಳೆಗೆ ಹರಿದು ಅದು ನಾಯಿ ಗೂಡಿನ ಮೇಲೆ ಹೋಗುತ್ತದೆ.

ಪ್ರಾಕ್ಟೀಸಿಗೆ ಜಾಗ ಇಲ್ಲ ಅಂದಿದ್ದೀರಿ. ನಿಜ. ನಮ್ಮ ಜಿಲ್ಲೆಯಲ್ಲಿ ಹೋಂಸ್ಟೇಗೆ ಬರವಿಲ್ಲ, ಕಲ್ಯಾಣಮಂಟಪಕ್ಕೆ ಬರವಿಲ್ಲ. ನಾಲ್ಕು ಜನ ಬರಿಗಾಲಲ್ಲಿ ಮೈ ಆಡಿಸೋಕೆ ಒಂದು ಮರದ ನೆಲ ಎಲ್ಲಿದೆ ಹೇಳಿ? ಮಂಟಪದವರು ಬಾಡಿಗೆ ಹೇಳುವ ಮೊದಲು ಸಿಂಹಾಸನ ತೆಗೆಯೋಕಾಗಲ್ಲ ಅಂತಾರೆ. ಇದರ ಬಗ್ಗೆ ನಾನು ಬರೆಯುತ್ತಲೇ ಇದ್ದೇನೆ, ಯಾರೂ ಓದಿದ ಹಾಗಿಲ್ಲ.

ಆದರೆ ನಿಮಗೆ ಕಣ ಇದೆ. ಈಗ ಪಾಚಿ ಕಟ್ಟಿರುತ್ತದೆ, ಜಾರುತ್ತದೆ, ಹೋಗಬೇಡಿ. ಕಾಫಿ ಹರಡುವ ಹೊತ್ತಿಗೆ ಹೋಗಿ, ಎಲ್ಲರ ಜೊತೆ ನೀವೂ ಸಾಲು ಎಳೆಯಿರಿ. ಡ್ಯಾನ್ಸ್ ಅಂದುಕೊಂಡು ಎಳೆಯಬೇಡಿ, ಕೆಲಸ ಅಂತ ಎಳೆಯಿರಿ, ಮಧ್ಯಾಹ್ನದ ಬಿಸಿಲಲ್ಲಿ ಅಂಗಾಲು ಸುಡಲಿ. ಫೋನಿನಲ್ಲಿ ಬರೀ ಸದ್ದು ಹಿಡಿದುಕೊಳ್ಳಿ, ಪಿಟೀಲು ಬೇಡ, ಅವ್ವನ ಫೋಟೊವೂ ಬೇಡ. ಆಮೇಲೆ ಆ ನಡಿಗೆಯನ್ನ ಅವ್ವನನ್ನು ಕಾಣದ ಇನ್ನೊಬ್ಬ ನರ್ತಕಿಗೆ ಕಲಿಸಿ. ಅವಳ ಮೈಯಲ್ಲೂ ಅದು ನಿಂತರೆ ಇಟ್ಟುಕೊಳ್ಳಿ. ನಿಲ್ಲದಿದ್ದರೆ ಅದು ನಿಮ್ಮ ಅಳು ಮಾತ್ರ, ಅದನ್ನ ಮನೆಯಲ್ಲೇ ಅಳಿ. ಈ ವಿಷಯದಲ್ಲಿ ದೊಡ್ಡಪ್ಪ ಸರಿ. ಅವರಿಗೆ ಮುಂದಿನ ಸಾಲಲ್ಲಿ ಒಂದು ಕುರ್ಚಿ ಹಾಕಿಸಿ, ಅವರ ಪಕ್ಕ ನನಗೊಂದು.

ಅದಕ್ಕೆ ಮೊದಲು ಒಂದು ಕಾರ್ಡ್ ಬರೆಯಿರಿ. ಸಾಲು ಎಳೆಯುವಾಗ ಅವ್ವ ಮೊದಲು ಮುಂದಿಡುತ್ತಿದ್ದದ್ದು ಯಾವ ಕಾಲು? ಫೋನು ಯಾವ ಕೈಯಲ್ಲಿತ್ತು? ಮೂರು ಪುಟದಲ್ಲಿ ಅದು ಇಲ್ಲ.