‘ವೇರ್’ ಅನ್ನಬೇಕೋ, ‘ಪುಟ್ ಆನ್’ ಅನ್ನಬೇಕೋ?

ಓದುಗರ ಪತ್ರ:

ಸಂಪಾದಕರಿಗೆ ನಮಸ್ಕಾರ. ನಮ್ಮದು ಸಕಲೇಶಪುರ ತಾಲ್ಲೂಕಿನ ಒಂದು ಹಳ್ಳಿ. ಮಗಳು ನಾಲ್ಕನೇ ಕ್ಲಾಸು, ಇಂಗ್ಲಿಷ್ ಮೀಡಿಯಂ. ನಾನು ಓದಿದ್ದು ಕನ್ನಡ ಮೀಡಿಯಂ. ಬೆಳಿಗ್ಗೆ ರೆಡಿ ಮಾಡುವಾಗಲಾದರೂ ಮಗಳ ಜೊತೆ ಇಂಗ್ಲಿಷ್ ಮಾತಾಡಿ ಅಂತ ಟೀಚರ್ ಹೇಳಿದ್ದಾರೆ. ಬಟ್ಟೆಗಳ ಚಿತ್ರ ಇರುವ ಚಾರ್ಟ್ ತಂದು ಗೋಡೆಗೆ ಅಂಟಿಸಿದೆ. ಹೆಸರೆಲ್ಲ ಬಾಯಿಪಾಠ ಆಯ್ತು. ಆದರೆ ಒಂದು ವಾಕ್ಯವೂ ಬಾಯಿಗೆ ಬರುವುದಿಲ್ಲ. ‘ವೇರ್ ಯುವರ್ ಶೂಸ್’ ಅಂದರೆ, ‘ಅಮ್ಮಾ ತಪ್ಪು, ಪುಟ್ ಆನ್ ಅನ್ನಬೇಕು’ ಅಂತಾಳೆ. ಎರಡಕ್ಕೂ ಏನು ವ್ಯತ್ಯಾಸ? ಚಾರ್ಟಿನಲ್ಲಿ ನಮ್ಮ ಸೀರೆ, ಪಂಚೆ ಯಾಕಿಲ್ಲ? ಅವಳ ಯೂನಿಫಾರಂ ಸ್ಕರ್ಟ್ ದೊಡ್ಡದಾಗಿದೆ, ಬದಲಾಯಿಸಿ ಕೊಡಿ ಅಂತ ಡೈರಿಯಲ್ಲಿ ಹೇಗೆ ಬರೆಯುವುದು? ದಯವಿಟ್ಟು ಹೆಸರು ಹಾಕಬೇಡಿ.

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರಕ್ಕೆ ಉದ್ದವಾಗಿಯೇ ಉತ್ತರ ಬರೆಯುತ್ತಿದ್ದೇನೆ. ನಿಮ್ಮ ಮನೆಯ ಪ್ರಶ್ನೆ ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ಪ್ರಶ್ನೆ.

ಮೊದಲು ಒಂದು ಧೈರ್ಯದ ಮಾತು. ಬಟ್ಟೆಗಳ ಇಂಗ್ಲಿಷ್ ಹೆಸರು ನಿಮಗೆ ಚಾರ್ಟ್ ತರುವ ಮೊದಲೇ ಬರುತ್ತಿತ್ತು. ಶರ್ಟ್, ಸ್ಕರ್ಟ್, ಸಾಕ್ಸ್, ಶೂ, ಟೈ, ಬೆಲ್ಟ್, ಸ್ವೆಟರ್, ರೈನ್‌ಕೋಟ್. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಇವನ್ನು ಹೇಳುತ್ತಾರೆ. ಇವು ಈಗ ಕನ್ನಡದ ಮಾತುಗಳೇ. ಚಾರ್ಟು ಹೊಸದಾಗಿ ಕಲಿಸಿದ್ದು ಮಿಟನ್ಸ್ (ಚಳಿಯ ಕೈಗವಸು), ಇಯರ್‌ಮಫ್ಸ್ (ಕಿವಿ ಮುಚ್ಚುವಂಥದ್ದು) ತರಹದ್ದು. ಹಿಮ ಬೀಳುವ ದೇಶದ ಮಕ್ಕಳಿಗೆ ಅವು ಬೇಕು. ಸಕಲೇಶಪುರದಲ್ಲಿ ಅವನ್ನು ಕಲಿತು ಯಾರ ಮುಂದೆ ಹೇಳುವುದು?

ನಿಮಗೆ ಕೊರತೆ ಇರುವುದು ಹೆಸರಿನದ್ದಲ್ಲ. ಕೆಲಸ ಹೇಳುವ ಮಾತಿನದ್ದು. ಹಾಕ್ಕೊ, ಬಿಚ್ಚು, ಗುಂಡಿ ಹಾಕು, ಕಟ್ಟು, ಒಳಗೆ ಸೇರಿಸು. ಇವು ಬಂದರೆ ವಾಕ್ಯ ತಾನಾಗಿ ಬರುತ್ತದೆ. ಇಂಗ್ಲಿಷಿನಲ್ಲಿ ಈ ಕೆಲಸವನ್ನು ‘ಆನ್, ಆಫ್, ಅಪ್, ಇನ್’ ಎನ್ನುವ ಪುಟ್ಟ ಮಾತುಗಳು ಮಾಡುತ್ತವೆ. ಚಾರ್ಟಿನಲ್ಲಿ ಅವಕ್ಕೆ ಚಿತ್ರ ಬರೆಯಲು ಆಗುವುದಿಲ್ಲ. ಹಾಗಾಗಿ ಬಿಟ್ಟುಬಿಡುತ್ತಾರೆ.

ಈಗ ‘ವೇರ್’, ‘ಪುಟ್ ಆನ್’ ವಿಷಯ. ಬೇಲೂರಿನ ಚೆನ್ನಕೇಶವ ಗುಡಿಗೆ ಮಗಳನ್ನು ಕರೆದುಕೊಂಡು ಹೋಗಿ. ಹೊಯ್ಸಳ ದೊರೆ ವಿಷ್ಣುವರ್ಧನನ ಕಾಲದ್ದು, 1117ರದ್ದು. ಹೊರಗೋಡೆಯ ಮೇಲೆ, ಸೂರಿನ ಕೆಳಗೆ ಮದನಿಕೆಯರಿದ್ದಾರೆ. ಕನ್ನಡಿ ಹಿಡಿದ ದರ್ಪಣ ಸುಂದರಿಯನ್ನು ತೋರಿಸಿ. ಮೈತುಂಬ ಒಡವೆ ತೊಟ್ಟಿದ್ದಾಳೆ. ಇಂಗ್ಲಿಷಿನಲ್ಲಿ ‘ಶಿ ಈಸ್ ವೇರಿಂಗ್ ಜ್ಯೂಯೆಲ್ಲರಿ.’ ಒಂಬೈನೂರು ವರ್ಷದಿಂದ ಆ ಒಡವೆ ಅವಳ ಮೈಮೇಲೇ ಇದೆ. ಅವಳ ಬಗ್ಗೆ ‘ಶಿ ಈಸ್ ಪುಟಿಂಗ್ ಆನ್ ಜ್ಯೂಯೆಲ್ಲರಿ’ ಅನ್ನಲು ಆಗುವುದಿಲ್ಲ. ಹಾಗಂದರೆ ಈಗ ತೊಡುತ್ತಿದ್ದಾಳೆ, ಕೈ ಆಡುತ್ತಿದೆ ಎಂದಾಗುತ್ತದೆ. ಮೈಮೇಲೆ ಇದ್ದರೆ ‘ವೇರ್’. ಮೈಮೇಲೆ ಹಾಕಿಕೊಳ್ಳುವ ಆ ಕ್ಷಣದ ಕೆಲಸಕ್ಕೆ ‘ಪುಟ್ ಆನ್’.

ನಮಗೆ ಎಡವಟ್ಟಾಗುವುದು ಕನ್ನಡದ ರೂಪದಿಂದ. ‘ಹಾಕ್ಕೊಂಡಿದ್ದಾಳೆ’ ಮತ್ತು ‘ಹಾಕ್ಕೊಳ್ತಾ ಇದ್ದಾಳೆ’ ಎರಡಕ್ಕೂ ಮೂಲ ಒಂದೇ. ಕೊನೆ ಮಾತ್ರ ಬದಲಾಗುತ್ತದೆ. ‘ತಾ ಇದ್ದಾಳೆ’ ಬಂದರೆ ಇಂಗ್ಲಿಷಿನಲ್ಲಿ ‘ಇಂಗ್’ ಸೇರಿಸು ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಹಾಗಾಗಿ ಶೂ ಹಾಕಿಕೊಳ್ಳುತ್ತಿರುವವಳು ‘ಐ ಆಮ್ ವೇರಿಂಗ್ ಮೈ ಶೂಸ್’ ಅಂದುಬಿಡುತ್ತಾಳೆ. ಕೇಳಿದವರಿಗೆ ಅರ್ಥವಾಗುವುದು ‘ನನ್ನ ಕಾಲಲ್ಲಿ ಆಗಲೇ ಶೂ ಇದೆ’ ಎಂದು. ಬಾಗಿಲಲ್ಲಿ ವ್ಯಾನ್ ಹಾರ್ನ್ ಹೊಡೆಯುತ್ತಿರುವಾಗ ಇದು ದೊಡ್ಡ ವ್ಯತ್ಯಾಸವೇ. ಇನ್ನೊಂದು ಕಡೆ ‘ಕೆಂಪು ಲಂಗ ಹಾಕ್ಕೊಂಡಿದ್ದಾಳೆ’ ಎನ್ನುವುದನ್ನು ಮಕ್ಕಳು ‘ಶಿ ಹ್ಯಾಸ್ ವೋರ್ನ್’ ಎಂದು ಬರೆಯುತ್ತಾರೆ. ಅಲ್ಲಿ ಬೇಕಾದದ್ದು ‘ಶಿ ಈಸ್ ವೇರಿಂಗ್’.

ಮಗಳು ಹೇಳಿದ್ದು ಸರಿ. ಆದರೆ ನೀವು ಪೂರ್ತಿ ತಪ್ಪಲ್ಲ. ‘ಇವತ್ತು ಮಳೆ, ರೈನ್‌ಕೋಟ್ ಹಾಕ್ಕೊಂಡು ಹೋಗು’ ಅನ್ನುವಾಗ ‘ವೇರ್ ಯುವರ್ ರೈನ್‌ಕೋಟ್ ಟುಡೇ’ ಸರಿಯಾದ ವಾಕ್ಯ. ದಿನವಿಡೀ ಮೈಮೇಲೆ ಇರಲಿ ಎಂಬ ಮಾತು ಅದು. ಶೂ ಕೈಗೆ ಕೊಟ್ಟು ‘ಹಾಕ್ಕೊ’ ಅನ್ನುವಾಗ ‘ಪುಟ್ ಆನ್ ಯುವರ್ ಶೂಸ್.’ ಇದನ್ನು ಮಗಳಿಗೂ ಹೇಳಿ.

ಬಿಚ್ಚುವುದಕ್ಕೆ ‘ಟೇಕ್ ಆಫ್’. ‘ಟೇಕ್ ಆಫ್ ಯುವರ್ ವೆಟ್ ಸಾಕ್ಸ್.’ ಜೂನ್‌ನಿಂದ ನಿಮ್ಮ ಕಡೆ ದಿನಾ ಬೇಕಾಗುವ ವಾಕ್ಯ ಇದು. ‘ರಿಮೂವ್’ ತಪ್ಪಲ್ಲ, ಆದರೆ ಅದು ಸೂಚನೆ ಬರೆಯುವ ಬೋರ್ಡಿನ ಭಾಷೆ. ಮನೆಯಲ್ಲಿ ‘ಟೇಕ್ ಆಫ್’ ಸಾಕು. ‘ಓಪನ್ ಯುವರ್ ಶೂಸ್’ ಮಾತ್ರ ಬೇಡ.

ಇಲ್ಲೊಂದು ಸಣ್ಣ ನಿಯಮ ಇದೆ. ಯಾವ ಚಾರ್ಟಿನಲ್ಲೂ ನಾನು ಇದನ್ನು ನೋಡಿಲ್ಲ. ‘ಪುಟ್ ಆನ್ ಯುವರ್ ಸ್ವೆಟರ್’ ಅನ್ನಬಹುದು, ‘ಪುಟ್ ಯುವರ್ ಸ್ವೆಟರ್ ಆನ್’ ಅಂತಲೂ ಅನ್ನಬಹುದು. ಆದರೆ ಸ್ವೆಟರ್ ಬದಲು ‘ಅದು’ ಎಂದು ಹೇಳುವಾಗ ‘ಪುಟ್ ಇಟ್ ಆನ್’ ಮಾತ್ರ. ‘ಪುಟ್ ಆನ್ ಇಟ್’ ಆಗುವುದಿಲ್ಲ. ಶೂ, ಸಾಕ್ಸ್ ಜೋಡಿ ಆದ್ದರಿಂದ ‘ಪುಟ್ ದೆಮ್ ಆನ್’. ಪ್ಯಾಂಟು, ಚಡ್ಡಿ, ಕನ್ನಡಕ ನಮಗೆ ಒಂದೊಂದೇ ವಸ್ತು. ಇಂಗ್ಲಿಷಿಗೆ ಅವೂ ಬಹುವಚನ, ಎರಡು ಕಾಲು, ಎರಡು ಗಾಜು ಇರುವುದರಿಂದ. ಅವಕ್ಕೂ ‘ದೆಮ್’. ‘ಪುಟ್ ಇಟ್ ಆನ್, ಪುಟ್ ದೆಮ್ ಆನ್, ಟೇಕ್ ಇಟ್ ಆಫ್, ಟೇಕ್ ದೆಮ್ ಆಫ್.’ ಈ ನಾಲ್ಕು ನಾಲಿಗೆಗೆ ಹತ್ತಿದರೆ ನಿಮ್ಮ ಬೆಳಗಿನ ಅರ್ಧ ಮಾತು ಮುಗಿಯಿತು.

ಉಳಿದ ಅರ್ಧಕ್ಕೆ ಹೀಗೆ ಶುರು ಮಾಡಿ. ಎದ್ದು ಮುಖ ತೊಳೆದ ಮೇಲೆ ‘ಗೆಟ್ ಡ್ರೆಸ್ಡ್’. ಅಂದರೆ ಬಟ್ಟೆ ಹಾಕ್ಕೊಂಡು ರೆಡಿಯಾಗು. ಯಾವ ಬಟ್ಟೆ ಅಂತ ಹೇಳಬೇಕಿಲ್ಲ. ಗುಂಡಿಗೆ ‘ಬಟನ್ ಅಪ್ ಯುವರ್ ಶರ್ಟ್’, ಜಿಪ್ಪಿಗೆ ‘ಜಿಪ್ ಅಪ್ ಯುವರ್ ಜಾಕೆಟ್’. ನಾವು ‘ಇನ್‌ಶರ್ಟ್ ಮಾಡು’ ಅನ್ನುತ್ತೇವಲ್ಲ, ಅದಕ್ಕೆ ‘ಟಕ್ ಇನ್ ಯುವರ್ ಶರ್ಟ್’. ಲೇಸ್ ಕಟ್ಟಲು ‘ಟೈ ಯುವರ್ ಲೇಸಸ್’. ಸ್ವೆಟರ್ ಉಲ್ಟಾ ಹಾಕ್ಕೊಂಡರೆ ಇಂಗ್ಲಿಷ್ ಎರಡು ತರಹ ಹೇಳುತ್ತದೆ. ಒಳಗಿನ ಹೊಲಿಗೆ ಹೊರಗೆ ಕಂಡರೆ ‘ಇನ್‌ಸೈಡ್ ಔಟ್’. ಎದೆಯ ಭಾಗ ಬೆನ್ನಿಗೆ ಹೋದರೆ ‘ಬ್ಯಾಕ್ ಟು ಫ್ರಂಟ್’. ಎಡಗಾಲಿನ ಶೂ ಬಲಗಾಲಿಗೆ ಹಾಕ್ಕೊಂಡರೆ ‘ಯುವರ್ ಶೂಸ್ ಆರ್ ಆನ್ ದಿ ರಾಂಗ್ ಫೀಟ್’. ಈ ಕೊನೆಯದು ಮಕ್ಕಳಿಗೆ ತುಂಬ ಇಷ್ಟವಾಗುತ್ತದೆ. ಬೇಕಂತಲೇ ತಪ್ಪು ಕಾಲಿಗೆ ಹಾಕ್ಕೊಂಡು ನಿಮ್ಮ ಬಾಯಲ್ಲಿ ಹೇಳಿಸುತ್ತಾಳೆ, ನೋಡಿ.

‘ಬಟ್ಟೆಗಳು’ ಎನ್ನುವ ‘ಕ್ಲೋದ್ಸ್’ ಅನ್ನು ‘ಕ್ಲೋದಿಸ್’ ಎಂದು ಎಳೆಯುವುದು ಬೇಡ. ಒಂದೇ ಉಸಿರಿನ ಮಾತು ಅದು. ‘ಕ್ಲಾತ್’ ಅಂದರೆ ಹೊಲಿಯದ ಬಟ್ಟೆ, ಥಾನಿನಿಂದ ಕತ್ತರಿಸಿದ್ದು.

ನಮ್ಮ ಊರಿನ ಕೆಲವು ಹೆಸರು ಮಾತ್ರ ಹೊರಗೆ ಹೋದಾಗ ಗೊಂದಲ ಮಾಡುತ್ತವೆ. ನಮಗೆ ‘ಡ್ರೆಸ್’ ಅಂದರೆ ಯಾವ ಬಟ್ಟೆಯೂ ಆಗಬಹುದು, ಚೂಡಿದಾರವೂ ಆಗಬಹುದು. ಇಂಗ್ಲಿಷಿನಲ್ಲಿ ‘ಎ ಡ್ರೆಸ್’ ಅಂದರೆ ಹೆಣ್ಣುಮಕ್ಕಳ ಫ್ರಾಕಿನಂಥದ್ದು. ‘ಪ್ಯಾಂಟ್ಸ್’ ಅಂದರೆ ಅಮೆರಿಕದಲ್ಲಿ ನಮ್ಮ ಪ್ಯಾಂಟೇ, ಇಂಗ್ಲೆಂಡಿನಲ್ಲಿ ಒಳಚಡ್ಡಿ. ಬನಿಯನ್ನಿಗೆ ಇಂಗ್ಲೆಂಡಿನಲ್ಲಿ ‘ವೆಸ್ಟ್’, ಅಮೆರಿಕದಲ್ಲಿ ‘ಅಂಡರ್‌ಶರ್ಟ್’. ಹಾಫ್ ಆರ್ಮ್ ಶರ್ಟಿಗೆ ‘ಶಾರ್ಟ್ ಸ್ಲೀವ್ಡ್ ಶರ್ಟ್’. ನಾವು ಜರ್ಕಿನ್ ಅನ್ನುವುದು ‘ಜಾಕೆಟ್’. ಇಂಗ್ಲಿಷಿನ ‘ಜರ್ಕಿನ್’ಗೆ ತೋಳೇ ಇರುವುದಿಲ್ಲ. ಮಂಕಿ ಕ್ಯಾಪಿಗೆ ‘ಬಾಲಕ್ಲಾವಾ’. ಅದು ಕಪ್ಪು ಸಮುದ್ರದ ದಡದ ಕ್ರೈಮಿಯಾದ ಒಂದು ಊರಿನ ಹೆಸರು. 1854ರಲ್ಲಿ ಅಲ್ಲಿ ನಡೆದ ಯುದ್ಧದಲ್ಲಿ ಬ್ರಿಟಿಷರ ಒಂದು ಕುದುರೆ ಪಡೆ ನಡೆಸಿದವನು ಕಾರ್ಡಿಗನ್ ಪ್ರಭು. ಮುಂದೆ ಗುಂಡಿ ಇರುವ ಸ್ವೆಟರಿಗೆ ‘ಕಾರ್ಡಿಗನ್’ ಎಂಬ ಹೆಸರು ಅವನಿಂದಲೇ ಬಂತು.

ತೋಟದ ಕೆಲಸಕ್ಕೆ ಹಾಕುವ ಗಂಬೂಟಿಗೂ ಇಂಥ ಕಥೆ ಇದೆ. ಇಂಗ್ಲೆಂಡಿನಲ್ಲಿ ಅದನ್ನು ‘ವೆಲಿಂಗ್ಟನ್ ಬೂಟ್ಸ್’ ಅನ್ನುತ್ತಾರೆ, ವೆಲಿಂಗ್ಟನ್ ಡ್ಯೂಕ್ ಆರ್ಥರ್ ವೆಲ್ಲೆಸ್ಲಿಯ ಹೆಸರಿನಲ್ಲಿ. ಡ್ಯೂಕ್ ಆಗುವ ಮುಂಚೆ ಅವನು ಬ್ರಿಟಿಷ್ ಸೇನಾಧಿಕಾರಿಯಾಗಿ ಶ್ರೀರಂಗಪಟ್ಟಣದಲ್ಲಿದ್ದ. 1802ರಲ್ಲಿ ಬಲಂ ಪಾಳೇಗಾರನ ಮೇಲೆ ಸೈನ್ಯ ತೆಗೆದುಕೊಂಡು ಬಂದದ್ದು ನಿಮ್ಮ ಸಕಲೇಶಪುರದ ಸೀಮೆಗೇ. ಮಗಳಿಗೆ ಈ ಕಥೆ ಹೇಳಿ. ‘ಗಂಬೂಟ್ಸ್’ ಕೂಡ ಸರಿಯಾದ ಇಂಗ್ಲಿಷೇ, ಅದನ್ನೇ ಹೇಳಲಿ.

ಚಾರ್ಟಿನಲ್ಲಿ ಸೀರೆ, ಪಂಚೆ ಇಲ್ಲದಿರುವುದು ನನಗೂ ಬೇಸರದ ಸಂಗತಿ. ಅಚ್ಚು ಹಾಕುವವರು ಪರದೇಶದ ಚಿತ್ರವನ್ನೇ ಎತ್ತಿಕೊಳ್ಳುತ್ತಾರೆ. ಸೀರೆಗೆ ಇಂಗ್ಲಿಷ್ ಮಾತು ಹುಡುಕುವ ಅಗತ್ಯವೇ ಇಲ್ಲ. ಸಾರಿ, ಧೋತಿ, ಲುಂಗಿ ಇಂಗ್ಲಿಷ್ ನಿಘಂಟಿನಲ್ಲೇ ಇವೆ. ಪೈಜಾಮ, ಶಾಲು, ಖಾಕಿ ಅವರು ನಮ್ಮ ಕಡೆಯಿಂದಲೇ ಕೊಂಡೊಯ್ದ ಮಾತುಗಳು. ‘ಕ್ಯಾಲಿಕೊ’ ಎಂಬ ಹತ್ತಿ ಬಟ್ಟೆಗೆ ಹೆಸರು ಬಂದದ್ದು ಕಲ್ಲಿಕೋಟೆಯಿಂದ. ಹಾಗಾಗಿ ‘ಮೈ ಮದರ್ ಈಸ್ ವೇರಿಂಗ್ ಎ ಸಾರಿ’ ಎಂದು ಮಗಳು ಧೈರ್ಯವಾಗಿ ಬರೆಯಲಿ. ಮಳೆಗಾಲದಲ್ಲಿ ಗದ್ದೆಯವರು ಹೊದೆಯುವ ಕಂಬಳಿ ಕೊಪ್ಪೆಗೆ ಮಾತ್ರ ಅಲ್ಲಿ ಮಾತಿಲ್ಲ. ‘ಕೊಪ್ಪೆ’ ಎಂದೇ ಬರೆದು, ತಲೆ ಮೇಲಿಂದ ಹೊದೆಯುವ ಕಂಬಳಿ ಎಂದು ಒಂದು ಸಾಲು ವಿವರಿಸಿದರಾಯಿತು.

ನೀವು ಕೇಳದ ಒಂದು ಮಾತನ್ನೂ ಹೇಳುತ್ತೇನೆ, ಯಾಕೆಂದರೆ ನನಗೆ ಅದರ ಕಾಳಜಿ ಜಾಸ್ತಿ. ಇಂಗ್ಲಿಷಿನಲ್ಲಿ ಸೀರೆಗೂ ‘ವೇರ್’, ಬಳೆಗೂ ‘ವೇರ್’, ತಲೆಯ ಹೂವಿಗೂ, ಕನ್ನಡಕಕ್ಕೂ, ಅತ್ತರಿಗೂ ‘ವೇರ್’. ಕನ್ನಡದಲ್ಲಿ ಹಾಗಲ್ಲ. ಸೀರೆ ಉಡುತ್ತೇವೆ, ಬಳೆ ತೊಡುತ್ತೇವೆ, ಹೂ ಮುಡಿಯುತ್ತೇವೆ, ಶಾಲು ಹೊದೆಯುತ್ತೇವೆ, ಪೇಟ ಸುತ್ತುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ, ಕುಂಕುಮ ಇಡುತ್ತೇವೆ. ಈಗಿನ ಮಕ್ಕಳ ಬಾಯಲ್ಲಿ ಎಲ್ಲವೂ ‘ಹಾಕ್ಕೊ’ ಆಗಿದೆ. ಬೆಳಿಗ್ಗೆ ಹತ್ತು ನಿಮಿಷ ಇಂಗ್ಲಿಷ್ ಮಾತಾಡಿ, ಖಂಡಿತ ಒಳ್ಳೆಯದು. ಜಡೆ ಹೆಣೆಯುವಾಗ ಮಾತ್ರ ಕನ್ನಡದಲ್ಲೇ ‘ಹೂ ಮುಡ್ಕೋ’ ಅನ್ನಿ. ಆ ಮಾತನ್ನು ಅವಳು ನಿಮ್ಮಿಂದಲೇ ಕಲಿಯಬೇಕು, ಅಲ್ವಾ?

ಕೊನೆಗೆ ಡೈರಿ. ಅಳತೆಗೆ ‘ಫಿಟ್’ ಬಳಸಿ. ನೋಡಲು ಒಪ್ಪುತ್ತದೋ ಇಲ್ಲವೋ ಎನ್ನುವುದಕ್ಕೆ ‘ಸೂಟ್’. ‘ದಿ ಸ್ಕರ್ಟ್ ಡಸ್ ನಾಟ್ ಸೂಟ್ ಹರ್’ ಎಂದು ಬರೆದರೆ ಚೆನ್ನಾಗಿ ಕಾಣುವುದಿಲ್ಲ ಎಂಬ ದೂರಾಗುತ್ತದೆ. ನಿಮ್ಮ ತೊಂದರೆ ಅಳತೆಯದ್ದು. ಹಾಗಾಗಿ ‘ಡಿಯರ್ ಟೀಚರ್’ ಎಂದು ಶುರು ಮಾಡಿ, ಕೆಳಗೆ ಈ ಎರಡು ವಾಕ್ಯ ಬರೆಯಿರಿ: ‘ದಿ ಯೂನಿಫಾರಂ ಸ್ಕರ್ಟ್ ಈಸ್ ಟೂ ಬಿಗ್ ಫಾರ್ ಮೈ ಡಾಟರ್. ಪ್ಲೀಸ್ ಎಕ್ಸ್‌ಚೇಂಜ್ ಇಟ್ ಫಾರ್ ಎ ಸ್ಮಾಲರ್ ಸೈಜ್.’ ತಾರೀಖು ಹಾಕಿ, ಸಹಿ ಮಾಡಿ, ಸ್ಕರ್ಟನ್ನೂ ಬ್ಯಾಗಿನಲ್ಲಿಟ್ಟು ಕಳಿಸಿ. ಸ್ಕರ್ಟಿಗಿರುವ ಅಂಗಡಿಯ ಚೀಟಿ ತೆಗೆಯದೆ ಹಾಗೇ ಇರಲಿ, ಇಲ್ಲವಾದರೆ ಬದಲಾಯಿಸಿ ಕೊಡಲು ತಕರಾರು ಮಾಡಬಹುದು.

— ಸಂ.