ಹಾಲಿನ ಪಾಕೀಟು ಕತ್ತರಿಸಿದ ಕತ್ತರಿ

"ಮೇಡಂ, ಒಂದು ಕತ್ತರಿ ಸಲುವಾಗಿ ತಾಸುಗಟ್ಟಲೆ ಅತ್ತೀನ್ರಿ. ಇದು ಹುಚ್ಚಲ್ಲೇನ್ರಿ?"

ಮುಂಬಯಿಯ ಮಾಟುಂಗಾದಲ್ಲಿ ನಾನು ಆಪ್ತಸಲಹೆ ಕೊಡುವ ಕೋಣೆಗೆ ಬಂದು ಕೂತ ಐದೇ ನಿಮಿಷಕ್ಕೆ ಆಕೆ ಕೇಳಿದ್ದು ಇದು. ಇಲ್ಲಿ ಸುಮಾ ಅಂತ ಕರೆಯುತ್ತೇನೆ. ವಯಸ್ಸು 27. ಹೆಸರು, ಕೆಲಸ, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆಯೂ ಇದೆ. ಕತ್ತರಿಯನ್ನು ಮಾತ್ರ ಬದಲಿಸಿಲ್ಲ.

ಧಾರವಾಡ ಕಡೆಯ ಮನೆತನ, ಹುಟ್ಟಿ ಬೆಳೆದದ್ದು ಡೊಂಬಿವಲಿ. ಅಪ್ಪ, ಅವ್ವ, ತಮ್ಮ, ಒಂದು ಬೆಡ್‌ರೂಮಿನ ಮನೆ. ಆಫೀಸು ಕರಿ ರೋಡ್ ಹತ್ತಿರ, ಲೆಕ್ಕಪತ್ರದ ಕೆಲಸ. ಬೆಳಿಗ್ಗೆ ಫಾಸ್ಟ್ ಲೋಕಲ್ ಟ್ರೇನ್ ಹಿಡಿದು ದಾದರ್, ಅಲ್ಲಿಂದ ಸ್ಲೋ ಲೋಕಲ್. ಸಂಜೆ ಅದೇ ದಾರಿ ವಾಪಸ್. ಮನೆ ಮುಟ್ಟುವಾಗ ಎಂಟೂವರೆ.

ಕತ್ತರಿಯ ಕಥೆ ಹೀಗೆ. ಸಣ್ಣಗೆ, ಚೂಪು ಮೂತಿಯದು. ಕಸೂತಿ ದಾರ ಕತ್ತರಿಸಲು ದಾದರಿನ ರಾನಡೆ ರೋಡಿನಲ್ಲಿ ಕೊಂಡಿದ್ದಳು. ಒಂದು ಬೆಳಿಗ್ಗೆ ತಮ್ಮ ಅದರಲ್ಲಿ ಹಾಲಿನ ಪಾಕೀಟು ಕತ್ತರಿಸಿ, ಒದ್ದೆ ಕತ್ತರಿಯನ್ನು ಸಿಂಕ್‌ನಲ್ಲೇ ಬಿಟ್ಟು ಹೋದ. ರಾತ್ರಿ ನೋಡಿದರೆ ತಿರುಪಿನ ಹತ್ತಿರ ತುಕ್ಕು. ಈಕೆ ಕೂಗಾಡಿದಳು. ತಮ್ಮ ನಕ್ಕ. ಅವ್ವ "ಹತ್ತು ಕತ್ತರಿ ತರೂಣ ಬಿಡ" ಅಂದರು. ಅಲ್ಲಿಗೆ ಅಳು ಶುರುವಾಯಿತು.

ಇಂಥ ಕಡೆ ನಾನು ಮೊದಲು ನೋಡುವುದು, ಇದರ ಹಿಂದೆ ಖಿನ್ನತೆ ಇದೆಯಾ ಅಂತ. ನಾವು ಸಾಮಾನ್ಯವಾಗಿ ಬಳಸುವ ಒಂಬತ್ತು ಪ್ರಶ್ನೆಗಳ ಹಾಳೆ ಇದೆ, ಒಟ್ಟು 27 ಅಂಕ. ಸುಮಾಗೆ ಬಂದದ್ದು 6. ಸೌಮ್ಯ ಅನ್ನುವ ಮಟ್ಟ. ನಿದ್ದೆ ಸರಿ, ಊಟ ಸರಿ. ಎರಡು ವಾರ ಬಿಡದೆ ಮನಸ್ಸು ಕುಗ್ಗಿದ್ದು, ಯಾವುದರಲ್ಲೂ ಆಸಕ್ತಿಯೇ ಇಲ್ಲ ಅನ್ನುವಂತಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ. ಹೋಗಲು ಹಿಂಜರಿಯುವವರು ಸರ್ಕಾರದ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಬಹುದು. ಕನ್ನಡದಲ್ಲೂ ಮಾತಾಡುತ್ತಾರೆ. ಸುಮಾಗೆ ಅದರ ಅಗತ್ಯ ಕಾಣಲಿಲ್ಲ. ಆಸಕ್ತಿ ಬೇಕಾದಷ್ಟಿತ್ತು, ಜಾಸ್ತಿಯೇ ಇತ್ತು ಅನ್ನಿ. ಕಪಾಟಿನಲ್ಲಿ ಉಕುಲೇಲೆ ಅನ್ನುವ ಪುಟ್ಟ ಗಿಟಾರು, ಜಲವರ್ಣದ ಡಬ್ಬಿ, ಎರಡೇ ಸಲ ಹಾಕಿದ ಓಟದ ಬೂಟು, ಗೋಪುರದ ಚಿತ್ರ ಅರ್ಧಕ್ಕೇ ನಿಂತ ಕಸೂತಿ. ಭಾನುವಾರಕ್ಕೆ ಆರು ಕೆಲಸ ಬರೆದಿಟ್ಟುಕೊಳ್ಳುತ್ತಿದ್ದಳು. ಸೆಂಟ್ರಲ್ ಲೈನಿನಲ್ಲಿ ಮೆಗಾಬ್ಲಾಕ್ ಬಂದು, ಹಳಿ ದುರಸ್ತಿಗೆ ಅಂತ ಟ್ರೇನು ನಿಂತರೆ ಮೊದಲನೆಯದೇ ಕೆಟ್ಟು, ಉಳಿದ ಐದನ್ನು ಶಪಿಸುತ್ತಾ ಮಲಗುತ್ತಿದ್ದಳು.

ಎರಡು ವಾರ ಒಂದು ಚೀಟಿಪುಸ್ತಕ ಇಡಲು ಹೇಳಿದೆ. ಯಾವಾಗ ಸಿಟ್ಟು ಬಂತು, ಆಗ ಏನು ನಡೀತಿತ್ತು, ಅಷ್ಟೇ. ಭಾವನೆಗಳ ಬಗ್ಗೆ ಪ್ರಬಂಧ ಬೇಡ ಅಂತಲೂ ಹೇಳಿದೆ. ಯಾಕಂದರೆ ಲೆಕ್ಕಪತ್ರದವರಿಗೆ ಅಂಕಣ ಎಳೆದುಕೊಟ್ಟರೆ ಸಾಕು, ಚೆನ್ನಾಗಿ ತುಂಬುತ್ತಾರೆ!

ಜೊತೆಗೆ ಒಂದು ತಪ್ಪು ಸಲಹೆಯನ್ನೂ ಕೊಟ್ಟೆ. "ದಿನಾ ಎರಡು ತಾಸು ಟ್ರೇನಿನಲ್ಲೇ ಇರ್ತೀರಿ. ಕಸೂತಿ ಅಲ್ಲೇ ಹಾಕಬಹುದಲ್ಲ?" ಲೇಡೀಸ್ ಡಬ್ಬಾದಲ್ಲಿ ಬಟಾಣಿ ಸುಲಿಯುವವರು, ಕ್ರೋಶಾ ಹಾಕುವವರು, ಭಜನೆ ಹೇಳುವವರು ಎಲ್ಲರನ್ನೂ ನೋಡಿದ್ದೇನಲ್ಲ, ಅದೇ ತಲೆಯಲ್ಲಿತ್ತು.

ಮುಂದಿನ ವಾರ ಸುಮಾ ಬಟ್ಟೆಯನ್ನು ನನ್ನ ಮೇಜಿನ ಮೇಲೆ ಹರವಿದಳು. ಗೋಪುರದ ಎಡಗಡೆ ಸೊಟ್ಟಗಾಗಿತ್ತು. ಕಸೂತಿಗೆ ಪೆನ್ಸಿಲಿನಲ್ಲಿ ಗೀಟು ಎಳೆಯುವುದಿಲ್ಲ, ಬಟ್ಟೆಯ ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗಂಟು ಹಾಕುವಂತಿಲ್ಲ. ಗವಂತಿ ಹೊಲಿಗೆಯಲ್ಲಿ ದಾರ ಒಮ್ಮೆ ಸಂದು ಬಿಟ್ಟುಕೊಂಡು ಹೋಗುತ್ತದೆ, ವಾಪಸ್ ಬರುವಾಗ ಆ ಸಂದು ತುಂಬುತ್ತದೆ. ಸರಿಯಾಗಿ ಬಂದರೆ ಹಿಂದೂ ಮುಂದೂ ಒಂದೇ ಥರ. ಒಂದು ಎಳೆ ತಪ್ಪಿತೋ, ಬರುವಾಗ ದಾರಿ ಕೂಡುವುದಿಲ್ಲ. "ಫೋರ್ಥ್ ಸೀಟಿನ್ಯಾಗ ಅರ್ಧ ಕುಂಡಿ ಊರಿ ಕೂತು ಎಳೆ ಎಣಿಸೂದು ಹೆಂಗ್ರಿ? ಠಾಣೆ ಬರೂದ್ರಾಗ ಮೂರು ಮಂದಿ 'ಎಲ್ಲಿ ಇಳೀತೀ' ಅಂತ ಕೇಳಿರ್ತಾರ." ಮೂವರ ಸೀಟಿನ ತುದಿಗೆ ನಾಲ್ಕನೆಯವರು ಒತ್ತಿಕೊಂಡು ಕೂರುವ ಜಾಗವೇ ಫೋರ್ಥ್ ಸೀಟು. ಎಲ್ಲಿ ಇಳೀತೀ ಅನ್ನುವುದು ಸೀಟು ಕಾದಿರಿಸುವ ಪ್ರಶ್ನೆ, ಉತ್ತರ ಕೊಡದೆ ಇರುವಂತಿಲ್ಲ. ನಾನು ತಪ್ಪು ಒಪ್ಪಿಕೊಂಡೆ. ಮುಂದೆ ಟ್ರೇನಿನಲ್ಲಿ ಸುಮ್ನೆ ಕೂರುವುದು, ಸೀಟು ಸಿಗದಿದ್ದರೆ ಸುಮ್ನೆ ನಿಲ್ಲುವುದು ಅಂತ ತೀರ್ಮಾನವಾಯಿತು.

ಚೀಟಿಪುಸ್ತಕ ಕೆಲಸಕ್ಕೆ ಬಂತು. ಮುಕ್ಕಾಲು ಪಾಲು ಸಿಟ್ಟು ರಾತ್ರಿ ಎಂಟೂವರೆಯಿಂದ ಹತ್ತರ ಒಳಗೆ ಬಿದ್ದಿತ್ತು. ಕಾರಣಗಳು ನೋಡಿ: ಹಾಲ್‌ನಲ್ಲಿ ಧಾರಾವಾಹಿ ಸದ್ದು. ಚಾರ್ಜರ್ ಬೇರೆಯವರ ಫೋನಿಗೆ. ಕೂರುವ ಮೂಲೆಯಲ್ಲಿ ಇಸ್ತ್ರಿ ಬಟ್ಟೆಯ ರಾಶಿ. ಇನ್ನೊಂದು ಸಾಲು ಎರಡು ಮೂರು ಸಲ ಬಂದಿತ್ತು: "ಫೋಟೋ ಹಾಕಿಲ್ಲ, ಕೇಳಿದರು."

ಏನು ಫೋಟೋ ಅಂದೆ. ಆಗ ವಿಷಯ ಹೊರಬಿತ್ತು. ಕಸೂತಿಯಲ್ಲಿ ಮೊದಲ ನವಿಲು ಮುಗಿಸಿದಾಗ ಇನ್‌ಸ್ಟಾಗ್ರಾಮಿಗೆ ಹಾಕಿದ್ದಳು. ಮೆಚ್ಚುಗೆ ಬಂತು. ಕಾಕು, ಅಂದರೆ ಚಿಕ್ಕಮ್ಮ, ಫೋನ್ ಮಾಡಿ "ಇಷ್ಟ್ ಚಂದ ಹಾಕ್ತೀ, ಮಾರಿದ್ರ ನಾಲ್ಕ್ ರೊಕ್ಕ ಬರ್ತಾವ" ಅಂದರು. ಆಫೀಸಿನ ಒಬ್ಬರು ದುಪಟ್ಟಾಕ್ಕೆ ಮುಂಗಡವನ್ನೇ ಕೊಟ್ಟುಬಿಟ್ಟರು. ಆಮೇಲೆ ಪ್ರತಿ ವಾರ "ಎಲ್ಲಿಗೆ ಬಂತು?" ಅಂತ ವಿಚಾರಣೆ. ಅಲ್ಲಿಂದ ಸೂಜಿ ಹಿಡಿದರೆ ಬೇಜಾರು. ಉಕುಲೇಲೆ ಕೊಂಡದ್ದು ಅದಾದ ಮೇಲೆ. ಅದರದೂ ವಿಡಿಯೋ ಮಾಡಿದ್ದಳು.

1973ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಲೆಪ್ಪರ್, ಗ್ರೀನ್, ನಿಸ್ಬೆಟ್ ಪ್ರಕಟಿಸಿದ ಒಂದು ಪ್ರಯೋಗವನ್ನು ಆಕೆಗೆ ಹೇಳಿದೆ. ಶಿಶುವಿಹಾರದಲ್ಲಿ ತಾವಾಗಿ ಚಿತ್ರ ಬರೆಯುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಕೊಟ್ಟರು ಕೂಡ. ಒಂದೆರಡು ವಾರ ಬಿಟ್ಟು ನೋಡಿದರೆ, ಆ ಮಕ್ಕಳು ಬಿಡುವಿನಲ್ಲಿ ಚಿತ್ರ ಬರೆಯುವುದು ಉಳಿದವರಿಗಿಂತ ಸುಮಾರು ಅರ್ಧಕ್ಕೆ ಇಳಿದಿತ್ತು. ಮೊದಲೇ ಹೇಳದೆ ಬಹುಮಾನ ಕೊಟ್ಟ ಮಕ್ಕಳಿಗೆ ಏನೂ ಆಗಿರಲಿಲ್ಲ. ಸುಮಾ ತಡೆದು ಕೇಳಿದಳು: "ಹಂಗಾದ್ರ ಕಸೂತಿ ಮಾರಿ ಬದುಕೋರು?" ಒಳ್ಳೆ ಪ್ರಶ್ನೆ. ಅವರದು ಉದ್ಯೋಗ. ಅದಕ್ಕೆ ಹೊತ್ತು, ದರ, ಗಿರಾಕಿ ಎಲ್ಲ ಇರಬೇಕು. ನಿಮಗೂ ಅದು ಬೇಕಿದ್ದರೆ ಉದ್ಯೋಗ ಅಂತಲೇ ಶುರು ಮಾಡಿ ಅಂದೆ. ಆಕೆಗೆ ಬೇಕಿರಲಿಲ್ಲ. ಹಗಲಿಡೀ ಲೆಕ್ಕ ಬರೆಯುವವಳಿಗೆ ರಾತ್ರಿಯೂ ಲೆಕ್ಕ ಒಪ್ಪಿಸುವ ಮನಸ್ಸಿರಲಿಲ್ಲ.

ಮುಂಗಡ ವಾಪಸ್ ಕೊಡುವ ಮಾತನ್ನು ಇಬ್ಬರೂ ಕೂತು ತಯಾರು ಮಾಡಿದೆವು. "ನನ್ನಿಂದ ಆಗ್ತಿಲ್ಲ, ತಡ ಮಾಡಿದ್ದಕ್ಕೆ ಕ್ಷಮಿಸಿ, ಹಣ ಇವತ್ತೇ ಕಳಿಸಿದ್ದೇನೆ." ಇಷ್ಟೇ. ತಲೆನೋವು, ಅವ್ವನ ಮಂಡಿನೋವು ಯಾವುದನ್ನೂ ಸೇರಿಸಬೇಡಿ ಅಂದೆ. ಕಾರಣ ಕೊಟ್ಟಷ್ಟೂ ಎದುರಿನವರು ಅದಕ್ಕೆ ಪರಿಹಾರ ಹೇಳುತ್ತಾರೆ. ಎರಡು ತಿಂಗಳು ಫೋಟೋ ಬಂದ್. ಕಪಾಟಿನಲ್ಲಿ ಒಂದೇ ಹವ್ಯಾಸ ಉಳಿಸಿ ಉಳಿದದ್ದು ಅಟ್ಟಕ್ಕೆ. ರಾತ್ರಿ ಊಟವಾದ ಮೇಲೆ ಇಪ್ಪತ್ತೈದು ನಿಮಿಷ, ಗ್ಯಾಲರಿಯಲ್ಲಿ, ಅಂದರೆ ಬಾಲ್ಕನಿಯಲ್ಲಿ, ಒಂದು ಸ್ಟೂಲು, ಒಂದು ದೀಪ. ಹಾಕಿದರೆ ಹಾಕಿದಳು, ಇಲ್ಲವಾದರೆ ಹೊರಗೆ ನೋಡುತ್ತಾ ಕೂತಳು.

ಇದಕ್ಕೆಲ್ಲ ಮನೆಯವರು ಒಪ್ಪಬೇಕಲ್ಲ. ನಾಲ್ಕನೇ ಭೇಟಿಗೆ ಅವ್ವನನ್ನು ಕರೆಸಿದೆ. ಒಳ್ಳೆ ಹೆಂಗಸು, ಬರುವಾಗ ಚುರುಮುರಿ ಕಟ್ಟಿಕೊಂಡು ಬಂದಿದ್ದರು. ಕೂತವರೇ "ಒಂದು ಕತ್ತರಿಗೆ ಇಷ್ಟು ರಾದ್ಧಾಂತ ಏನ್ರಿ" ಅಂದರು.

"ನಿಮ್ಮ ಉಪ್ಪಿನಕಾಯಿ ಭರಣಿಗೆ ಬೇರೆ ಚಮಚ ಇದೆಯಾ?" ಅಂತ ಕೇಳಿದೆ.

"ಇರಲಾರದ ಏನು?"

"ಯಾರಾದರೂ ಅದನ್ನು ಸಾರಿನಲ್ಲಿ ಅದ್ದಿ, ಒದ್ದೆಯಲ್ಲೇ ಭರಣಿಗೆ ಹಾಕಿದರೆ?"

ಅವರು ಮಗಳ ಕಡೆ ನೋಡಿದರು. ಸ್ವಲ್ಪ ಹೊತ್ತು ಬಿಟ್ಟು "ತಿಳೀತು ಬಿಡ್ರಿ" ಅಂದರು. ಆಮೇಲೆ, ಕೇಳದೆಯೇ, ಮದುವೆಗೆ ಮುಂಚೆ ತಾವೂ ಕಸೂತಿ ಹಾಕುತ್ತಿದ್ದುದನ್ನು ಹೇಳಿದರು. ತೇರು, ಆನೆ ಅಂಬಾರಿ. ಮುಂಬಯಿಗೆ ಬಂದ ಮೇಲೆ ಬಟ್ಟೆ ಎಲ್ಲಿ ಹೋಯಿತೋ ನೆನಪಿಲ್ಲವಂತೆ. ಸುಮಾಗೆ ಇದು ಗೊತ್ತೇ ಇರಲಿಲ್ಲ. ಅಜ್ಜಿ ಕಲಿಸಿದ್ದು ತನಗೊಬ್ಬಳಿಗೇ ಅಂದುಕೊಂಡಿದ್ದಳು. ಆ ದಿನ ನನಗೆ ಮಾತಾಡುವ ಕೆಲಸವೇ ಬೀಳಲಿಲ್ಲ.

ಎಲ್ಲ ಸರಿಹೋಯಿತು ಅಂತೇನಿಲ್ಲ. ಧಾರಾವಾಹಿ ಸದ್ದು ಹಾಗೇ ಇದೆ. ಕಾಕು ಇನ್ನೂ ಕೇಳುತ್ತಾರೆ. ಮಳೆ ಶುರುವಾದ ಮೇಲೆ ಗ್ಯಾಲರಿಗೆ ಇರಚಲು ಹೊಡೆದು ಸ್ಟೂಲು ಅಡುಗೆಮನೆಗೆ ಬಂತು. ಇಪ್ಪತ್ತೈದು ನಿಮಿಷ ವಾರದಲ್ಲಿ ನಾಲ್ಕು ದಿನ ಸಿಕ್ಕರೆ ದೊಡ್ಡದು. ಸಿಟ್ಟು ಬರುತ್ತದೆ, ಆದರೆ ಅಳುವಷ್ಟು ಬಂದಿಲ್ಲ.

ಮೂರು ತಿಂಗಳ ನಂತರ ಕೊನೆಯ ಭೇಟಿಗೆ ಬಂದಳು. ಹಾಲಿಗೆ ಅಂತಲೇ ತಮ್ಮ ಬೇರೆ ಕತ್ತರಿ ತಂದು, ಅಡುಗೆಮನೆಯ ಕಿಟಕಿ ಸರಳಿಗೆ ಸುತಳಿಯಲ್ಲಿ ಕಟ್ಟಿದ್ದಾನಂತೆ. ಗೋಪುರ ಎಲ್ಲಿಗೆ ಬಂತು, ತೋರಿಸಿ ಅಂದೆ. ಹಳೇ ಚಾಳಿ ನನಗೂ ಬಿಟ್ಟಿರಲಿಲ್ಲ.

"ತಂದಿಲ್ರಿ" ಅಂದಳು, ನಗುತ್ತಾ.