ಸಾಫ್ಟ್‌ವೇರ್ ಮಾಡುವ ನಾಲ್ಕೇ ಜನರ ತಂಡ, ಹೊಸ ಸೌಲಭ್ಯಗಳಿಗೆ ಗ್ರಾಹಕರ ಬೇಡಿಕೆ 150. ಆದ್ಯತೆ ಗೊತ್ತುಮಾಡಲು ಪ್ರತಿ ಬೇಡಿಕೆಗೂ ಅಂಕ ಹಾಕುವ ರೈಸ್ (RICE) ಒಳ್ಳೆಯದೋ, ‘ಬೇಕೇ ಬೇಕು’ ಎಂಬುದರಿಂದ ‘ಈಗ ಬೇಡ’ ಎಂಬುದರವರೆಗೆ ನಾಲ್ಕು ಸಾಲಾಗಿ ವಿಂಗಡಿಸುವ ಮಾಸ್ಕೋ (MoSCoW) ಒಳ್ಳೆಯದೋ ಎಂದು ಕೇಳಿದ್ದೀರಿ.

ನಾವೂ ನಾಲ್ವರೇ ಇದ್ದೆವು. ಹುಬ್ಬಳ್ಳಿಯಲ್ಲಿ ಕುಳಿತು ಎಪಿಎಂಸಿಯ ದಲಾಲಿ ಅಂಗಡಿಗಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಮಾಡುತ್ತಿದ್ದೆವು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯೊಂದರಲ್ಲೇ ಇಪ್ಪತ್ತೆರಡು ಅಂಗಡಿಗಳು ನಮ್ಮ ಗ್ರಾಹಕರು. 2018ರ ಮಳೆಗಾಲದ ಹೊತ್ತಿಗೆ ಪಟ್ಟಿಯಲ್ಲಿ 130 ಬೇಡಿಕೆಗಳಿದ್ದವು.

ನಾನು ರೈಸ್ ಹಿಡಿದೆ. ಎಷ್ಟು ಜನರಿಗೆ ಉಪಯೋಗ, ಎಷ್ಟು ಪರಿಣಾಮ, ನಮಗೆಷ್ಟು ಖಾತ್ರಿ ಎಂಬ ಮೂರನ್ನೂ ಗುಣಿಸಿ, ತಗಲುವ ಶ್ರಮದಿಂದ ಭಾಗಿಸಿದೆ. ಮಾಲೀಕರು ದಿನದ ವಹಿವಾಟನ್ನು ಮೊಬೈಲಿನಲ್ಲಿ ಚಿತ್ರವಾಗಿ ನೋಡುವ ಸೌಲಭ್ಯಕ್ಕೆ ಎಲ್ಲಕ್ಕಿಂತ ಹೆಚ್ಚು ಅಂಕ ಬಂತು. ಇಬ್ಬರು ಹನ್ನೊಂದು ವಾರ ಅದಕ್ಕೇ ದುಡಿದರು. ಮಾಲೀಕರು ಮೆಚ್ಚಿದರು. ಮಾರ್ಚ್ ತಿಂಗಳಿಗೆ ಏಳು ಅಂಗಡಿಗಳು ನಮ್ಮನ್ನು ಬಿಟ್ಟವು.

ತಪ್ಪು ಲೆಕ್ಕದ ಮೊದಲ ಕಾಲಂನಲ್ಲಿತ್ತು. ‘ಎಷ್ಟು ಜನರಿಗೆ ಉಪಯೋಗ’ ಎಂಬಲ್ಲಿ ನಾನು ಫೋನ್ ಕರೆಗಳ ಪುಸ್ತಕ ನೋಡಿ ಸಂಖ್ಯೆ ತುಂಬಿಸಿದ್ದೆ. ಫೋನ್ ಮಾಡುತ್ತಿದ್ದವರು ಯಾರು? ವರ್ಷದ ಹಣ ಕಟ್ಟುವ ಮಾಲೀಕರು. ನಮ್ಮ ನಂಬರ್ ಇದ್ದದ್ದು ಅವರ ಬಳಿ ಮಾತ್ರ. ದಿನಕ್ಕೆ ಹತ್ತು ಗಂಟೆ ಕಂಪ್ಯೂಟರ್ ಮುಂದೆ ಕೂರುವ ಗುಮಾಸ್ತರು ಒಮ್ಮೆಯೂ ಫೋನ್ ಮಾಡಿರಲಿಲ್ಲ. ಯಾರು ಬಳಸುತ್ತಾರೆ ಎಂದು ಕೇಳುವ ಕಾಲಂನಲ್ಲಿ ಯಾರು ಕೇಳಿದರು ಎಂಬ ಉತ್ತರ ಬರೆದಿದ್ದೆ. ಗುಣಾಕಾರ, ಭಾಗಾಕಾರ ಎಲ್ಲವೂ ಸರಿಯಾಗಿದ್ದುದರಿಂದ ಆ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ.

ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಮಾರುಕಟ್ಟೆ. ಸುಗ್ಗಿಯಲ್ಲಿ ದರ ಗೊತ್ತಾದ ಮೇಲೆ ತೂಕ ರಾತ್ರಿಯವರೆಗೂ ನಡೆಯುತ್ತದೆ. ಒಬ್ಬ ರೈತರ ಇಪ್ಪತ್ತು ಚೀಲ ತೂಗುವಷ್ಟರಲ್ಲಿ ಹಮಾಲರು ಬೇರೆ ರಾಶಿಗೆ ಹೋಗುತ್ತಾರೆ. ಗುಮಾಸ್ತರು ಆ ಬಿಲ್ ಅರ್ಧಕ್ಕೆ ಬಿಟ್ಟು ಇನ್ನೊಂದನ್ನು ತೆರೆಯಲೇಬೇಕು. ಮೊತ್ತ ತುಂಬದೆ ನಮ್ಮ ಸಾಫ್ಟ್‌ವೇರ್ ಬಿಲ್ ಉಳಿಸುತ್ತಿರಲಿಲ್ಲ. ಹಾಗಾಗಿ ಅವರು ತೂಕವನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು, ಎಲ್ಲರೂ ಮನೆಗೆ ಹೋದ ಮೇಲೆ ಕುಳಿತು ಟೈಪ್ ಮಾಡುತ್ತಿದ್ದರು. ಬಿಟ್ಟುಹೋದ ಒಂದು ಅಂಗಡಿಯಲ್ಲಿ ಹಿರಿಯ ಗುಮಾಸ್ತರೊಬ್ಬರು ರಬ್ಬರ್ ಬ್ಯಾಂಡ್ ಹಾಕಿದ ಚೀಟಿಗಳ ಕಟ್ಟು ತೋರಿಸಿದರು. ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದೆ. “ಕಂಪ್ಯೂಟರೆಂದರೆ ಹೀಗೇ ಇರುತ್ತದೆ ಎಂದುಕೊಂಡಿದ್ದೆ, ಸರ್” ಎಂದರು.

ಅರ್ಧ ಬಿಲ್ ಉಳಿಸುವ ಸೌಲಭ್ಯಕ್ಕೆ ಹಿಡಿದದ್ದು ನಾಲ್ಕು ದಿನ. 130 ಬೇಡಿಕೆಗಳಲ್ಲಿ ಅದು ಇರಲೇ ಇಲ್ಲ.

ಆದ್ದರಿಂದ ರೈಸೋ ಮಾಸ್ಕೋವೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಎರಡೂ ಸ್ಥಾನ ಕೊಡಲಾರವು. ಮಾಸ್ಕೋದಲ್ಲಂತೂ ಜೋರು ದನಿಯ ಗ್ರಾಹಕರು ಕೇಳಿದ್ದೆಲ್ಲ ‘ಬೇಕೇ ಬೇಕು’ ಸಾಲಿಗೆ ಹೋಗಿ ಕೂರುತ್ತದೆ. ಎರಡು ವಾರ ಪಟ್ಟಿ ಮುಚ್ಚಿಡಿ. ಕೋಡ್ ಬರೆಯುವವರೂ ಸೇರಿ ನಾಲ್ವರೂ ಒಂದೊಂದು ಪೂರ್ತಿ ದಿನ ಬಳಕೆದಾರರ ಪಕ್ಕದಲ್ಲಿ ಕುಳಿತು ಬನ್ನಿ, ಅದೂ ಅವರಿಗೆ ಅತಿ ಹೆಚ್ಚು ಕೆಲಸವಿರುವ ದಿನ.

ಕಾನೂನಿನಿಂದ ಬರುವ ಕೆಲಸಕ್ಕೆ ಅಂಕ ಹಾಕುತ್ತಾ ಕೂರಬೇಡಿ. 2018ರ ಏಪ್ರಿಲ್ 1ರಂದು ಸರಕು ಸಾಗಣೆಗೆ ಬೇಕಾದ ಜಿಎಸ್‌ಟಿಯ ಆನ್‌ಲೈನ್ ದಾಖಲೆಯಾದ ಇ-ವೇ ಬಿಲ್ ಬಂದಾಗ ಕರ್ನಾಟಕದಲ್ಲಿ ರಾಜ್ಯದೊಳಗಿನ ಸಾಗಣೆಗೂ ಅದೇ ದಿನ ಜಾರಿಯಾಯಿತು. ಅಲ್ಲಿ ಆಯ್ಕೆಯೇ ಇರಲಿಲ್ಲ. ಉಳಿದ ಪ್ರತಿ ಬೇಡಿಕೆಗೂ ಒಂದೇ ಪ್ರಶ್ನೆ ಕೇಳಿ: ಇದಿಲ್ಲದೆ ಈಗ ಹೇಗೆ ನಿಭಾಯಿಸುತ್ತಿದ್ದೀರಿ? ಚೀಟಿಯನ್ನೋ, ಎಕ್ಸೆಲ್ ಹಾಳೆಯನ್ನೋ ತೆಗೆದು ತೋರಿಸಿದರೆ ಅದು ನಿಜವಾದ ಅಗತ್ಯ. ತೋರಿಸಲು ಏನೂ ಇಲ್ಲದಿದ್ದರೆ ಅಳಿಸಿಬಿಡಿ. ಆರು ತಿಂಗಳು ದಾಟಿದ ಬೇಡಿಕೆಗಳನ್ನೆಲ್ಲ ನಾನು ಅಳಿಸಿದೆ. ಮತ್ತೆ ಕೇಳಿಕೊಂಡು ಬಂದವರು ಮೂವರು.

ಏಳು ಅಂಗಡಿಗಳಲ್ಲಿ ಎರಡು ಮಾತ್ರ ಮುಂದಿನ ಸುಗ್ಗಿಗೆ ಮರಳಿದವು. ನಿಮ್ಮ 150ರಲ್ಲಿ ದಿನವಿಡೀ ಸಾಫ್ಟ್‌ವೇರ್ ಬಳಸುವವರ ಬಾಯಿಂದಲೇ ಬಂದವು ಎಷ್ಟು? ಎಣಿಸಿ ತಿಳಿಸಿ, ಮುಂದಿನದನ್ನು ಆಮೇಲೆ ಮಾತಾಡೋಣ.